ಪಲ್ಲಿ, ಹಲ್ಲಿ, ಅಲ್ಲಿ

ನಾನು ಎಂ.ಎ. ಓದಿದ ಕಾಲೇಜು ದಂಡಿನ ಕಡೆಗಿತ್ತು. ನಮ್ಮ ಮನೆಯಲ್ಲಿ ಯಾರೂ ಕಂಟೋನ್ಮೆಂಟ್ ಎನ್ನುತ್ತಿರಲಿಲ್ಲ, ದಂಡು ಎಂದೇ ರೂಢಿ. ತೊಂಬತ್ತರ ದಶಕದ ನಡುವಿನ ಮಾತಿದು. ಅಪ್ಪನಿಗೆ ದಾವಣಗೆರೆಯಿಂದ ಇಲ್ಲಿನ ಕಚೇರಿಯೊಂದಕ್ಕೆ ವರ್ಗವಾಗಿ, ರಾಮಮೂರ್ತಿ ನಗರದಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಬೆಳಿಗ್ಗೆ ಕೃಷ್ಣರಾಜಪುರದ ಸ್ಟೇಷನ್ನಿನಲ್ಲಿ ಬಂಗಾರಪೇಟೆ ಕಡೆಯಿಂದ ಬರುವ ಪ್ಯಾಸೆಂಜರ್ ಗಾಡಿ ಹತ್ತುತ್ತಿದ್ದೆ. ಸೀಟು ಸಿಕ್ಕಿದ ದಿನ ಕಿಟಕಿಯ ಸರಳಿಗೆ ಹಣೆ ಒತ್ತಿ ಕಣ್ಣು ಮುಚ್ಚಿದರೆ ಸುತ್ತಲಿನ ತೆಲುಗು, ತಮಿಳು, ಕನ್ನಡ, ದಖನಿ ಎಲ್ಲ ಒಂದರೊಳಗೊಂದು ಕರಗಿ ಹರಿಯುತ್ತಿದ್ದವು. ಅರೆನಿದ್ದೆಯಲ್ಲಿ ಎಲ್ಲವೂ ಅರ್ಥವಾದಂತೆ ಅನಿಸುತ್ತಿತ್ತು. ದಂಡು ಸ್ಟೇಷನ್ ಬಂತೆಂದು ಯಾರೋ ಭುಜ ತಟ್ಟಿದಾಗ ಕಣ್ಣು ಬಿಟ್ಟರೆ ಕನ್ನಡ ಒಂದೇ ಉಳಿದಿರುತ್ತಿತ್ತು.

ಕಾಲೇಜಿನಲ್ಲಿ ತಿಂಗಳಿಗೊಂದು ಶನಿವಾರ ಮಧ್ಯಾಹ್ನ, ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ, ತೌಲನಿಕ ಸಾಹಿತ್ಯದ ಕೂಟ ಸೇರುತ್ತಿತ್ತು. ಯಾವಾಗಲಾದರೊಮ್ಮೆ ಹೊರಗಿನಿಂದ ದೊಡ್ಡವರೊಬ್ಬರು ಬಂದು ಉಪನ್ಯಾಸ ಕೊಡುತ್ತಿದ್ದರು. ಉಳಿದ ತಿಂಗಳುಗಳಲ್ಲಿ ನಾವು ನಾವೇ. ಕಿಟಕಿಯ ಮೇಲ್ಭಾಗಕ್ಕೆ ಹಸಿರು, ನೀಲಿ ಗಾಜು ಕೂರಿಸಿದ್ದರು. ಮೂರರ ಬಿಸಿಲು ಅದರೊಳಗಿಂದ ಇಳಿದು ಮೇಜಿನ ಮೇಲೆ ನೀರಿನ ಹಾಗೆ ಅಲುಗುತ್ತಿತ್ತು. ಶಿವಾಜಿನಗರದಿಂದ ಯಾರಾದರೂ ಈರುಳ್ಳಿ ಸಮೋಸ ಕಟ್ಟಿಸಿಕೊಂಡು ಬರುತ್ತಿದ್ದರು. ಅದರ ಎಣ್ಣೆ ಕಾಗದದ ವಾಸನೆಯೂ ಹಳೆಯ ಪುಸ್ತಕದ ವಾಸನೆಯೂ ಬೆರೆತರೆ ನನಗೆ ಈಗಲೂ ನಿದ್ದೆ ಬಂದ ಹಾಗಾಗುತ್ತದೆ.

ಕೂಟ ನಡೆಸುತ್ತಿದ್ದವರು ನಮ್ಮ ಮೇಡಂ. ಇಂಗ್ಲಿಷ್ ವಿಭಾಗದ ಮುಖ್ಯಸ್ಥರು. ಗಂಜಿ ಹಾಕಿದ ಕಾಟನ್ ಸೀರೆ, ಗಿಡ್ಡ ಕೂದಲು, ನಿವೃತ್ತಿಗೆ ಇನ್ನು ಹೆಚ್ಚು ಕಾಲ ಉಳಿದಿರಲಿಲ್ಲ. ಮನೆಮಾತು ತಮಿಳು. ಓದಿದ್ದೆಲ್ಲ ಮದರಾಸಿನಲ್ಲಿ. ಫ್ರೆಂಚ್ ಮತ್ತು ಜರ್ಮನ್ ಓದುತ್ತಿದ್ದರು. ಮದುವೆಯಾಗಿರಲಿಲ್ಲ, ಕುಕ್ ಟೌನಿನ ಹಳೆಯ ಬಂಗಲೆಯೊಂದರಲ್ಲಿ ಅಕ್ಕನ ಜೊತೆ ಇದ್ದರು. ಆಟೋದವರಿಗೆ ‘ಬಲಕ್ಕೆ’, ‘ನಿಲ್ಲಿಸಿ’ ಎನ್ನುವುದನ್ನು ಬಿಟ್ಟರೆ ಅವರ ಬಾಯಲ್ಲಿ ಕನ್ನಡ ಕೇಳಿದವರು ಯಾರೂ ಇರಲಿಲ್ಲ. ದಂಡಿನಲ್ಲಿ ಅದೇನೂ ವಿಶೇಷವಲ್ಲ, ಅಲ್ಲಿ ಕನ್ನಡವಿಲ್ಲದೆ ಒಂದು ಜನ್ಮ ಕಳೆಯಬಹುದಾಗಿತ್ತು.

ಮೇಡಂ ದೊಡ್ಡ ದೊಡ್ಡ ಕೃತಿಗಳನ್ನು ಎದುರುಬದುರು ನಿಲ್ಲಿಸಿ ಹೋಲಿಸುವವರಲ್ಲ. ಒಂದು ಸಣ್ಣ ಸಂಗತಿ ಕೊಡುತ್ತಿದ್ದರು: ಹೊಸ್ತಿಲು, ಕಾಗೆ, ಮುಸ್ಸಂಜೆ. ಮುಂದಿನ ಸಲಕ್ಕೆ ಪ್ರತಿಯೊಬ್ಬರೂ ತಮ್ಮ ಭಾಷೆಯಲ್ಲಿ ಅದು ಎಲ್ಲಿ ಬರುತ್ತದೋ ಹುಡುಕಿ ತರಬೇಕು. ಕವಿತೆಯಾದರೂ ಸರಿ, ಒಗಟಾದರೂ ಸರಿ. ಮೊದಲು ಮೂಲದಲ್ಲೇ ಓದಬೇಕು, ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಬಾರದು. ಅರ್ಥ ಆಮೇಲೆ ಬರಲಿ, ಸದ್ದು ಮೊದಲು ಒಳಗೆ ಇಳಿಯಲಿ ಎನ್ನುತ್ತಿದ್ದರು. ಆ ಮೌನದಲ್ಲಿ ಮಲಯಾಳವೋ ಉರ್ದುವೋ ಫ್ಯಾನಿನ ಗಾಳಿಯಲ್ಲಿ ತೇಲುತ್ತಿರುವಾಗ ನನಗೆ ಬೆಳಗಿನ ರೈಲಿನ ಅರೆನಿದ್ದೆ ನೆನಪಾಗುತ್ತಿತ್ತು.

ನನ್ನ ಇಂಗ್ಲಿಷ್ ಆಗ ಕುಂಟುತ್ತಿತ್ತು. ಕೂಟದಲ್ಲಿ ಮನೆಯಲ್ಲೂ ಕನ್ನಡ ಮಾತಾಡುವವಳು ನಾನೊಬ್ಬಳೇ. ಬಹಳ ದಿನ ಬಾಯಿ ಬಿಡದೆ ಕೂತಿದ್ದೆ. ಮುಸ್ಸಂಜೆಯ ದಿನ ಮೇಡಂ ನೇರವಾಗಿ ನನ್ನ ಕಡೆ ತಿರುಗಿ, ನಿಮ್ಮ ಕಡೆ ಆ ಹೊತ್ತಿಗೆ ಏನನ್ನುತ್ತಾರೆ ಎಂದು ಕೇಳಿದರು. ಬೈಗು ಅನ್ನುತ್ತಾರೆ ಎಂದೆ. ಬೈಗಾದ ಮೇಲೆ ಮನೆ ಗುಡಿಸಬಾರದು, ಮಕ್ಕಳನ್ನು ಮಲಗಿಸಬಾರದು ಎಂದು ಅಜ್ಜಿ ಹೇಳುತ್ತಿದ್ದುದನ್ನೂ ಹೇಗೋ ತಡವರಿಸಿ ಹೇಳಿದೆ. ‘ಬೈಗು’ ಎಂದರು ಮೇಡಂ. ಸ್ವಲ್ಪ ತಡೆದು ಇನ್ನೊಮ್ಮೆ ಅಂದರು. ತಮಿಳಿನವರು ಕಲಿತು ಹೇಳುವ ಹಾಗಿರಲಿಲ್ಲ ಅದು. ನಮ್ಮ ಓಣಿಯ ಯಾವುದೋ ಕಟ್ಟೆಯ ಮೇಲೆ ಕೂತು ಹೇಳಿದ ಹಾಗಿತ್ತು. ನನಗೆ ಆಶ್ಚರ್ಯವಾಯಿತು. ಸಮೋಸ ಬಂದ ಗದ್ದಲದಲ್ಲಿ ಮರೆತೂ ಹೋಯಿತು.

ಮಾರನೇ ವರ್ಷ ಸಂಕ್ರಾಂತಿಯ ಆಚೆ ಒಂದು ವಾರ ಮೇಡಂ ಕಾಲೇಜಿಗೆ ಬರಲಿಲ್ಲ. ಲಕ್ವ ಹೊಡೆದಿದೆ, ಬಲಗೈ ಬಲಗಾಲು ಏಳುತ್ತಿಲ್ಲ, ಮಾತು ನಿಂತಿದೆ ಎಂದು ಸುದ್ದಿ ಬಂತು. ಆಸ್ಪತ್ರೆಗೆ ಹೋಗಿ ಬಂದ ನನ್ನ ಗೆಳತಿ ನನ್ನನ್ನು ಕ್ಯಾಂಟೀನಿನಿಂದ ಎಬ್ಬಿಸಿ ಹೊರಗೆ ಕರೆದಳು. ಅವಳು ಶಿವಾಜಿನಗರದವಳು, ಮನೆಯಲ್ಲಿ ದಖನಿ, ನನ್ನ ಜೊತೆ ಮಾತ್ರ ಕನ್ನಡ.

‘ಮಾತು ಬಂದೈತೆ ಕಣೇ. ಆದ್ರೆ ಇಂಗ್ಲಿಷಲ್ಲ, ತಮಿಳೂ ಅಲ್ಲ. ಕನ್ನಡ. ಅದೂ ನಂಗೆ ಅರ್ಥ ಆಗೋ ಕನ್ನಡ ಅಲ್ಲ. ನೀನು ಬಾ.’

ಆಸ್ಪತ್ರೆಯ ಪಡಸಾಲೆಯಲ್ಲಿ ಮೇಡಂ ಅವರ ಅಕ್ಕ ಕೂತಿದ್ದರು. ಎತ್ತರದ, ತೆಳ್ಳಗಿನ ಹೆಂಗಸು. ಬೆಳ್ಳಗಿನ ಕೂದಲನ್ನು ಸಣ್ಣ ಗಂಟು ಕಟ್ಟಿದ್ದರು. ತಂಗಿಗೆ ಕನ್ನಡ ಬರುವುದಿಲ್ಲ, ವಾರ್ಡಿನ ಆಯಾ ಏನೇನೋ ಹೇಳುತ್ತಿದ್ದಾಳೆ ಎಂದು ನಮ್ಮ ಮುಂದೆ ಇಂಗ್ಲಿಷಿನಲ್ಲಿ ಸಿಟ್ಟು ಮಾಡಿಕೊಂಡರು. ಸಿಟ್ಟಿನ ಹಿಂದೆ ಭಯವಿತ್ತು. ತಂಗಿ ಮಾತಾಡುತ್ತಿದ್ದಾಳೆ, ತನಗೆ ತಿಳಿಯುತ್ತಿಲ್ಲ. ಒಟ್ಟಿಗೆ ಬಾಳಿದ ಅಷ್ಟು ವರ್ಷಗಳಲ್ಲಿ ಹಾಗೆ ಆದದ್ದೇ ಇರಲಿಲ್ಲ.

ಒಳಗೆ ಹೋದಾಗ ಮೇಡಂ ಎಡಗೈ ಎತ್ತಿ ಎದುರುಗೋಡೆಯ ಮೂಲೆ ತೋರಿಸುತ್ತ, ‘ಅಲ್ಲಿ, ಅಲ್ಲಿ’ ಎನ್ನುತ್ತಿದ್ದರು. ನರ್ಸು ಆ ಮೂಲೆಯ ಮೇಜಿನಿಂದ ಔಷಧಿ ತಂದುಕೊಟ್ಟಳು. ಅಕ್ಕ ಅಲ್ಲಿದ್ದ ನೀರಿನ ಜಗ್ಗು ತಂದರು. ಮೇಡಂ ತಲೆ ಅಲ್ಲಾಡಿಸಿ ಮತ್ತೆ ‘ಅಲ್ಲಿ’ ಅಂದರು, ಕಣ್ಣಲ್ಲಿ ನೀರು ತುಂಬಿತು. ನಾನು ತಲೆ ಎತ್ತಿ ನೋಡಿದೆ. ಟ್ಯೂಬ್‌ಲೈಟಿನ ಪಕ್ಕ ಒಂದು ಹಲ್ಲಿ ಅಂಟಿಕೊಂಡಿತ್ತು. ನಮ್ಮ ಕಡೆ, ಹಿರಿಯೂರಿನ ಆಚೀಚೆ ಹಳ್ಳಿಗಳಲ್ಲಿ, ಎಷ್ಟೋ ಜನರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹಲ್ಲಿ ಅಲ್ಲಿಯಾಗುತ್ತದೆ.

‘ಹಲ್ಲಿ ಕಂಡ್ರಾ ಮೇಡಂ?’ ಎಂದೆ.

ಅವರು ನನ್ನ ಕಡೆ ತಿರುಗಿ ಅರ್ಧ ಬಾಯಲ್ಲಿ ನಕ್ಕರು. ‘ಊಂ. ದೊಡ್ಡದು’ ಅಂದರು. ‘ಬೀಳ್ತೈತೆ. ಓಡ್ಸು.’

ಆಯಾ ಉದ್ದ ಪೊರಕೆ ತಂದು ಹಲ್ಲಿಯನ್ನು ಓಡಿಸಿದಳು. ಮೇಡಂ ನೆಮ್ಮದಿಯಿಂದ ಕಣ್ಣು ಮುಚ್ಚಿದರು.

ಆಮೇಲೆ ಡಾಕ್ಟರು ಅಕ್ಕನಿಗೆ ಬಿಡಿಸಿ ಹೇಳಿದರಂತೆ. ಹಲವು ಭಾಷೆ ಬಲ್ಲವರಿಗೆ ಹೀಗಾಗುವುದುಂಟು; ಮೇಲಿನ ಪದರುಗಳು ಮುಚ್ಚಿಕೊಂಡಾಗ ಅಡಿಯಲ್ಲಿದ್ದದ್ದು ಬಾಯಿಗೆ ಬರುತ್ತದೆ, ಉಳಿದವೂ ಬರಬಹುದು, ಕಾಯಬೇಕು. ನೀವು ಮಾತಾಡಿದ್ದು ಅವರಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಕನ್ನಡದಲ್ಲಿ ಬರುತ್ತದೆ ಎಂದರಂತೆ. ಆಗ ಅಕ್ಕ ತಾವು ಮರೆತೇಬಿಟ್ಟಿದ್ದ ಸಂಗತಿಯನ್ನು ನನಗೆ ಹೇಳಿದರು. ಅವರ ತಂದೆ ಡಾಕ್ಟರು, ಹಿರಿಯೂರಿನ ಹತ್ತಿರದ ಸಣ್ಣ ಊರೊಂದರ ಸರ್ಕಾರಿ ಆಸ್ಪತ್ರೆಯಲ್ಲಿದ್ದರು. ತಾಯಿಗೆ ಎದೆಯ ಕಾಯಿಲೆ, ಮಕ್ಕಳನ್ನು ಹತ್ತಿರ ಸೇರಿಸುವಂತಿರಲಿಲ್ಲ. ಅಕ್ಕನನ್ನು ಓದಿಗೆಂದು ಮದರಾಸಿನ ತಾತನ ಮನೆಗೆ ಕಳಿಸಿದಾಗ ತಂಗಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ಅಲ್ಲಿಂದ ತಾಯಿ ತೀರಿಹೋಗುವವರೆಗೆ ಆ ಮಗು ಹಗಲೆಲ್ಲ ಬೆಳೆದದ್ದು ಪಕ್ಕದ ಮನೆಯ ಕಾಂಪೌಂಡರ್ ಹೆಂಡತಿಯ ಸೊಂಟದ ಮೇಲೆ. ಆಮೇಲೆ ಅದೂ ಮದರಾಸಿಗೆ ಬಂತು. ಬಂದಾಗ ಅದರ ಬಾಯಲ್ಲಿ ಯಾವ ಮಾತಿತ್ತು ಎನ್ನುವುದು ಅಕ್ಕನಿಗೆ ನೆನಪಿರಲಿಲ್ಲ. ಬೇಗ ಬೇಗ ತಮಿಳು ಕಲಿತಿರಬೇಕು ಎಂದರು.

ಮೇಡಂ ಮನೆಗೆ ಬಂದರು. ಅಡುಗೆಯವರಿಂದ ಹಿಡಿದು ಫಿಸಿಯೋಥೆರಪಿಯವರೆಗೆ ಆ ಮನೆಗೆ ಬರುವವರೆಲ್ಲ ತಮಿಳಿನವರೇ. ಅಕ್ಕ ನನ್ನನ್ನು ಕೇಳಿಕೊಂಡರು, ಕಾಲೇಜು ಬಿಟ್ಟ ಮೇಲೆ ಸ್ವಲ್ಪ ಹೊತ್ತು ಬಂದು ಹೋಗುತ್ತೀಯಾ ಎಂದು. ಹೀಗೆ ಶುರುವಾಯಿತು. ಕುಕ್ ಟೌನಿನ ರಸ್ತೆಗಳಲ್ಲಿ ಆಗ ನಾಲ್ಕು ಗಂಟೆಗೆ ಒಂದು ಸೈಕಲ್ಲಿನ ಸದ್ದೂ ದೂರದಿಂದ ಕೇಳುತ್ತಿತ್ತು. ಬಂಗಲೆಯ ಗೇಟು, ಎರಡೂ ಕಡೆ ಕಣಗಲೆ, ಕೆಂಪು ಗಾರೆಯ ವರಾಂಡ. ವರಾಂಡದ ಮುಂದೆ ಮರದ ಪಟ್ಟಿಯ ಜಾಲರಿ. ಅದರ ನೆರಳು ಇಳಿಹೊತ್ತಿನಲ್ಲಿ ನೆಲದ ಮೇಲೆ ಉದ್ದಕ್ಕೆ ಹಾಸಿಕೊಳ್ಳುತ್ತಿತ್ತು. ಆ ನೆರಳಿನ ನಡುವೆ ಬೆತ್ತದ ಕುರ್ಚಿಯಲ್ಲಿ ಮೇಡಂ, ಪಕ್ಕದಲ್ಲಿ ಅಕ್ಕ, ಎದುರಿಗೆ ಮೋಡದ ಮೇಲೆ ಕೂತ ಹಾಗೆ ನಾನು. ಅಲ್ಲಿಗೆ ಹೋದರೆ ಯಾವ ವರ್ಷದಲ್ಲಿದ್ದೇನೆ ಎನ್ನುವುದೇ ಸ್ವಲ್ಪ ಮಸುಕಾಗುತ್ತಿತ್ತು.

ಮೇಡಂ ಅವರ ಬುದ್ಧಿಗೆ ಏನೂ ಆಗಿರಲಿಲ್ಲ. ತಾನು ಯಾರು, ನಾವು ಯಾರು, ಯಾರ ಪ್ರಬಂಧ ಎಲ್ಲಿಗೆ ನಿಂತಿತ್ತು, ಎಲ್ಲ ಗೊತ್ತಿತ್ತು. ಆದರೆ ಬಾಯಿಗೆ ಬರುತ್ತಿದ್ದುದು ಆರೇಳು ವರ್ಷದ ಹುಡುಗಿಯ ಮಾತು. ಹಸಿವು, ಬಾವಿ, ಗುಬ್ಬಿ, ಬೆಲ್ಲ, ಭಯ, ಮುಳ್ಳು; ಇಂಥ ಪದಗಳಷ್ಟೇ ಅವರ ಹತ್ತಿರ ಉಳಿದಿದ್ದವು. ಅವುಗಳಲ್ಲೇ ಹೇಳಬೇಕಾದದ್ದನ್ನೆಲ್ಲ ಹೇಳಬೇಕು. ಮೊದಮೊದಲು ಅದಕ್ಕೆ ರೇಗುತ್ತಿದ್ದರು, ಎಡಗೈಯಿಂದ ಕುರ್ಚಿಯ ತೋಳಿಗೆ ಗುದ್ದುತ್ತಿದ್ದರು. ಬರಬರುತ್ತ ಆ ಬಡತನದೊಳಗೆ ಓಡಾಡಲು ಕಲಿತರು.

ಎರಡು ತಿಂಗಳ ಮೇಲೆ ಶನಿವಾರದ ಕೂಟವನ್ನು ನಾವು ಆ ವರಾಂಡಕ್ಕೇ ತಂದೆವು. ಎಲ್ಲರೂ ಬರಲಿಲ್ಲ, ಕೆಲವರು ಬಂದರು. ಓದುವುದು, ಆಮೇಲಿನ ಮೌನ, ಎಲ್ಲ ಮೊದಲಿನ ಹಾಗೆಯೇ. ಕೊನೆಗೆ ಮೇಡಂ ಏನಾದರೂ ಹೇಳುತ್ತಿದ್ದರು, ನಾನು ಅದನ್ನು ಇಂಗ್ಲಿಷಿಗೆ ತರುತ್ತಿದ್ದೆ. ನನ್ನ ಗೆಳತಿ ಒಮ್ಮೆ ಉರ್ದು ಮತ್ತು ತಮಿಳಿನ ವಿರಹದ ಹಾಡುಗಳ ಬಗ್ಗೆ ತಾನು ಬರೆದದ್ದನ್ನು ಓದಿದಳು. ಅಚ್ಚುಕಟ್ಟಾದ, ಅಡಿಟಿಪ್ಪಣಿಗಳಿದ್ದ ಪ್ರಬಂಧ. ಮೇಡಂ ಕೇಳಿಸಿಕೊಂಡು, ಬಹಳ ಹೊತ್ತು ಗಿಡಗಳ ಕಡೆ ನೋಡಿ, ‘ಬಾವಿ ತೋಡೌಳೆ. ಸಂದಾಗೈತೆ. ನೀರಿಲ್ಲ’ ಅಂದರು. ನಾನು ಹೇಗೆ ಹೇಳಲಿ ಎಂದು ಗೆಳತಿಯ ಮುಖ ನೋಡಿದೆ. ನಯ ಮಾಡಬೇಡ, ಇದ್ದ ಹಾಗೆ ಹೇಳು ಎಂದಳು. ಹೇಳಿದೆ. ಅವಳು ಕಾಗದ ಮಡಚಿಟ್ಟುಕೊಂಡು ಬಹಳ ಹೊತ್ತು ನಕ್ಕಳು, ಆಮೇಲೆ ಮನೆಗೆ ಹೋಗಿ ಪೂರ್ತಿ ತಿರುಗಿ ಬರೆದಳು. ಇಂಗ್ಲಿಷಿನಲ್ಲಿದ್ದಾಗ ಮೇಡಂ ಅದೇ ಮಾತನ್ನು ಎರಡು ಪುಟ ಬರೆದು ಕೊಟ್ಟಿರುತ್ತಿದ್ದರು, ತಾನದನ್ನು ತಿದ್ದಿಕೊಳ್ಳುತ್ತಲೂ ಇರಲಿಲ್ಲ ಎಂದು ಅವಳೇ ನನಗೆ ಹೇಳಿದಳು.

ನನಗೆ ಮಾತ್ರ ಒಂದು ಕಷ್ಟವಿತ್ತು. ಮೇಡಂ ನನ್ನನ್ನು ಅಕ್ಕ ಎಂದು ಕರೆಯತೊಡಗಿದ್ದರು. ಆ ಊರಿನಲ್ಲಿ ತನಗಿಂತ ದೊಡ್ಡ ಹುಡುಗಿಯರನ್ನೆಲ್ಲ ಹಾಗೆ ಕರೆದು ಅಭ್ಯಾಸವಿರಬೇಕು. ನಾನು ಅವರಿಗೆ ನೀವು ಎನ್ನುತ್ತಿದ್ದೆ, ಅವರು ನನಗೆ ‘ನೀರು ತತ್ತಾ ಅಕ್ಕ’ ಎನ್ನುತ್ತಿದ್ದರು. ತಮಿಳಿನಲ್ಲೂ ಅಕ್ಕ ಅಕ್ಕನೇ. ಅವರು ಕರೆದಾಗಲೆಲ್ಲ ನಿಜವಾದ ಅಕ್ಕ ತಿರುಗಿ ನೋಡುತ್ತಿದ್ದರು. ಅದು ತನ್ನನ್ನಲ್ಲ ಎಂದು ತಿಳಿದು ಮತ್ತೆ ಕೈಕೆಲಸಕ್ಕೆ ಬಗ್ಗುತ್ತಿದ್ದರು.

ಹಾಗಿರುವಾಗ ಒಂದು ದಿನ, ಬೇಸಿಗೆಯ ಮೊದಲ ಮಳೆ ಬಂದು ನಿಂತ ಮೇಲೆ, ನಾವು ಮೂವರೇ ವರಾಂಡದಲ್ಲಿದ್ದೆವು. ಅಕ್ಕ ಮೊರದಲ್ಲಿ ನುಗ್ಗೆಸೊಪ್ಪು ಬಿಡಿಸುತ್ತಿದ್ದರು. ಗೇಟಿನ ಸಂದಿಯಿಂದ ರಸ್ತೆಯ ಕೆಂಪು ನೀರು ಹರಿದು ಒಳಗೆ ಬರುತ್ತಿತ್ತು. ಮೇಡಂ ಅದನ್ನೇ ನೋಡುತ್ತಿದ್ದವರು, ಯಾರಿಗೋ ದೂರು ಹೇಳುವ ದನಿಯಲ್ಲಿ ಅಂದರು:

‘ಅಕ್ಕ ಅಬ್ಬಕ್ಕೆ ಬತ್ತೀನಿ ಅಂದ್ಲು. ಬರ್ಲೇ ಇಲ್ಲ. ನಾನು ಗೇಟ್ ತಾವ ಕುಂತಿದ್ದೆ. ಮಳೆ ಬಂತು. ಯಾಕೆ ಬರ್ಲಿಲ್ಲ ಅವ್ಳು?’

ಈ ಸಲ ಅಕ್ಕ ಎಂದದ್ದು ನನ್ನನ್ನಲ್ಲ. ನುಗ್ಗೆಸೊಪ್ಪಿನ ಮೇಲೆ ಅಕ್ಕನ ಕೈ ನಿಂತಿತು. ಏನಂದಳು, ನನ್ನ ಬಗ್ಗೆ ಏನೋ ಅಂದಳಲ್ಲ ಎಂದು ಅವರು ನನ್ನನ್ನು ಕೇಳಿದರು. ಕೂಟದಲ್ಲಿ ಎಷ್ಟೋ ಸಲ ಅನುವಾದದ ಬಗ್ಗೆ ವಾದ ಮಾಡಿದ್ದೆವು. ಮೂಲಕ್ಕೆ ನಿಷ್ಠೆಯೋ ಕೇಳುವವರಿಗೆ ನಿಷ್ಠೆಯೋ ಎಂದು. ಆ ವಾದದ ಒಂದು ಮಾತೂ ನನಗೆ ನೆನಪಾಗಲಿಲ್ಲ. ನನ್ನ ಎಡಕ್ಕೆ ಒಬ್ಬರು, ಬಲಕ್ಕೆ ಒಬ್ಬರು, ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಏನೋ ಬೇರೆ ಹೇಳಿಬಿಡಬಹುದಿತ್ತು. ಆದರೆ ಮೇಡಂಗೆ ಇಂಗ್ಲಿಷ್ ಅರ್ಥವಾಗುತ್ತಿತ್ತು, ನಾನು ಏನು ಹೇಳುತ್ತೇನೆಂದು ಅವರೂ ಕಾಯುತ್ತಿದ್ದರು. ಅಂದದ್ದನ್ನು ಅಂದ ಹಾಗೇ ಹೇಳಿದೆ. ಮಳೆಯನ್ನೂ ಬಿಡಲಿಲ್ಲ.

ಅಕ್ಕ ಮೊರವನ್ನು ಕೆಳಗಿಟ್ಟರು. ತಂಗಿಯ ಕಡೆ ಕುರ್ಚಿ ತಿರುಗಿಸಿಕೊಂಡು ತಮಿಳಿನಲ್ಲಿ ಹೇಳತೊಡಗಿದರು. ದಂಡಿನಲ್ಲಿ ಓಡಾಡಿ ನನಗೂ ಅಷ್ಟು ತಮಿಳು ಹತ್ತಿತ್ತು. ತಾನು ದೀಪಾವಳಿಗೆ ಬರುತ್ತೇನೆ ಎಂದಿದ್ದು ನಿಜ. ಹೊಸ ಲಂಗವನ್ನು ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದೂ ನಿಜ. ಅಮ್ಮನ ಕಾಯಿಲೆ ತಗಲುತ್ತದೆ ಎಂದು ತಾತ ಕಳಿಸಲಿಲ್ಲ. ಆ ವರ್ಷವೂ ಕಳಿಸಲಿಲ್ಲ, ಮುಂದಿನ ವರ್ಷವೂ ಕಳಿಸಲಿಲ್ಲ. ತಾನು ಬಾವಿಕಟ್ಟೆಯ ಹಿಂದೆ ಹೋಗಿ ಅತ್ತದ್ದು ಯಾರಿಗೂ ಗೊತ್ತಿಲ್ಲ. ತಂಗಿ ಗೇಟಿನ ಹತ್ತಿರ ಕಾಯುತ್ತಾಳೆ ಎಂದು ತನಗೆ ಯಾರೂ ಹೇಳಲಿಲ್ಲ. ಕೊನೆಗೆ ತಂಗಿ ಮದರಾಸಿಗೆ ಬಂದಾಗ ಬಾಗಿಲ ಹಿಂದೆ ನಿಂತು ಯಾರೋ ನೆಂಟರನ್ನು ನೋಡುವ ಹಾಗೆ ತನ್ನನ್ನು ನೋಡಿದಳು. ಅಂದಿನಿಂದ ಕೇಳಬೇಕೆಂದಿದ್ದೆ, ಏನು ಕೇಳಬೇಕು ಎನ್ನುವುದೇ ತಿಳಿಯಲಿಲ್ಲ ಎಂದರು.

ಮೇಡಂ ಎಲ್ಲ ಕೇಳಿಸಿಕೊಂಡರು. ಎಡಗೈಯನ್ನು ನಿಧಾನವಾಗಿ ಚಾಚಿ ಅಕ್ಕನ ಮಂಡಿಯ ಮೇಲಿಟ್ಟರು. ಜಾಲರಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಅಲ್ಲಿಂದ ಎದ್ದು ಹೋಗಬೇಕೇನೋ ಅನಿಸಿದರೂ ಏಳಲಾಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೇಡಂ, ‘ಅಸಿವಾಗ್ತೈತೆ’ ಅಂದರು. ನಾನು ಅದನ್ನೂ ಅನುವಾದ ಮಾಡಿದೆ. ಅಕ್ಕ ಕಣ್ಣೊರೆಸಿಕೊಂಡು ನಗುತ್ತ ಒಳಗೆ ಹೋದರು.

ಮಾರನೇ ದಿನದಿಂದ ಅಕ್ಕ ಕನ್ನಡ ಕಲಿಯಲು ಕೂತರು. ಕಲಿಸುವವಳು ನಾನು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಮೇಡಂ ಎಡಗೈಯಿಂದ ಒಂದೊಂದನ್ನೇ ತೋರಿಸಿ ಹೆಸರು ಹೇಳುವುದು, ಅಕ್ಕ ತಿರುಗಿ ಹೇಳುವುದು, ತಪ್ಪಿದರೆ ಮೇಡಂ ಹಳೆಯ ಮೇಷ್ಟರಂತೆ ಕಣ್ಣು ಬಿಡುವುದು. ಅಲ್ಲೇ ಒಂದು ಸಂಜೆ ಅವರಿಬ್ಬರೂ ಒಂದು ಆಟ ಕಂಡುಕೊಂಡರು. ಗೋಡೆಯ ಮೇಲೆ ಹಲ್ಲಿ ಓಡಿತು. ಅಕ್ಕ ತಮಿಳಿನಲ್ಲಿ ‘ಪಲ್ಲಿ’ ಅಂದರು. ನಾನು ‘ಹಲ್ಲಿ’ ಅಂದೆ. ಮೇಡಂ ‘ಅಲ್ಲಿ’ ಅಂದರು. ಅಂದವರೇ ತಟ್ಟನೆ ತಡೆದು, ಮೇಜಿನ ಮೇಲೆ ಅಂಗೈ ಬಡಿದು, ಹಾಲಿನ ಲೋಟ ತೋರಿಸಿದರು. ಪಾಲ್, ಹಾಲು, ಆಲು. ಹೂವು ತೋರಿಸಿದರು. ಪೂ, ಹೂವು, ಊವು. ಅಕ್ಕನ ತುಟಿ ಮುಟ್ಟಿದರು, ಕೂಡಿದ ತುಟಿ. ನನ್ನ ತುಟಿ ತೋರಿಸಿದರು, ಬಿಟ್ಟ ತುಟಿ, ಬರಿಯ ಉಸಿರು. ಆಮೇಲೆ ತಮ್ಮ ಬಾಯಿ ತೆರೆದು ತೋರಿಸಿದರು, ಉಸಿರೂ ಇಲ್ಲ. ಭಾಷೆಯ ಪಾಠದಲ್ಲಿ ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಮೂವರ ಬಾಯಲ್ಲಿ ಒಂದೇ ಪದ ಹೀಗೆ ತುಟಿ ಬಿಟ್ಟು, ಉಸಿರಾಗಿ, ಕರಗಿ ಹೋಗುವುದನ್ನು ಕಂಡಿರಲಿಲ್ಲ. ಹುಲಿ, ಹುಣಸೆ, ಹತ್ತು, ಹೀಗೆ ಮೇಡಂ ಒಂದಾದ ಮೇಲೊಂದು ಹುಡುಕುತ್ತ ಹೋದರು. ಅವರ ಮುಖದಲ್ಲಿ ನಮ್ಮ ಮಹಡಿಯ ಕೋಣೆಯ ಮೇಡಂ ಕಂಡರು. ದೀಪ ಹಚ್ಚುವುದನ್ನೂ ಮರೆತು ಕೂತಿದ್ದೆವು.

ಆ ವರ್ಷದ ಕೊನೆಗೆ ಇಂಗ್ಲಿಷ್ ಬರತೊಡಗಿತು. ಮೊದಲು ಬಂದ ಪದ ‘ಆಬ್ವಿಯಸ್ಲಿ’. ಫಿಸಿಯೋಥೆರಪಿಯವನು ನೋವಾಗುತ್ತಿದೆಯೇ ಎಂದು ಕೇಳಿದ್ದಕ್ಕೆ ಉತ್ತರ ಅದು. ಎಲ್ಲರೂ ಸಂಭ್ರಮಪಟ್ಟೆವು. ಆಮೇಲೆ ವಾರಕ್ಕೊಂದಿಷ್ಟು, ತುಂಡು ತುಂಡಾಗಿ, ವ್ಯಾಕರಣ ಇಲ್ಲದೆ, ಕ್ರಮೇಣ ವ್ಯಾಕರಣ ಸಮೇತ. ತಮಿಳು ಹಿಂಬಾಲಿಸಿತು. ಅದು ಬಂದಷ್ಟೂ ಕನ್ನಡ ಹಿಂದೆ ಸರಿಯುತ್ತಿದೆ ಎಂದು ನಾನು ಬೇಗ ಗಮನಿಸಲಿಲ್ಲ. ಅಕ್ಕ ಗಮನಿಸಿದ್ದರು, ಹೇಳಿರಲಿಲ್ಲ. ಒಂದು ಸಂಜೆ ನಾನು ರೈಲು ತಪ್ಪಿದ ಕತೆಯನ್ನು ಎಂದಿನಂತೆ ಕನ್ನಡದಲ್ಲಿ ಹೇಳುತ್ತಿದ್ದೆ. ಮೇಡಂ ಕೈ ಎತ್ತಿ ತಡೆದು, ಕ್ಷಮೆ ಕೇಳುವ ನಗುವಿನಲ್ಲಿ, ಇಂಗ್ಲಿಷಿನಲ್ಲಿ ಹೇಳಿದರು: ಸ್ವಲ್ಪ ನಿಧಾನವಮ್ಮ, ನನಗೆ ಕನ್ನಡ ಅಷ್ಟಾಗಿ ಬರುವುದಿಲ್ಲ.

ನಾನು ಅಕ್ಕನ ಕಡೆ ನೋಡಿದೆ. ಅವರು ಎದ್ದು ಒಳಗೆ ಹೋದರು. ಆ ಸಂಜೆ ನಡೆದುಕೊಂಡೇ ಹಲಸೂರಿನ ಕೆರೆಯವರೆಗೂ ಬಂದುಬಿಟ್ಟೆ. ಮೇಡಂ ಗುಣವಾಗುತ್ತಿದ್ದಾರೆ, ಸಂತೋಷಪಡಬೇಕಾದದ್ದೇ. ಆದರೂ ನನಗೆ ಪರಿಚಯವಿದ್ದ ಒಂದು ಮಗು ಹೇಳದೆ ಕೇಳದೆ ಊರು ಬಿಟ್ಟು ಹೋದಂತೆ ಸಂಕಟವಾಯಿತು. ಕೆರೆಯ ನೀರಿನ ಮೇಲೆ ಬೆಳಕು ಆರುವವರೆಗೆ ನಿಂತಿದ್ದು ಬಸ್ಸು ಹತ್ತಿದೆ.

ವರಾಂಡದ ಆ ತಿಂಗಳುಗಳು ಮೇಡಂಗೆ ಪೂರ್ತಿ ಅಳಿಸಿಹೋಗಿರಲಿಲ್ಲ. ಕನಸಿನಲ್ಲಿ ಮಾತಾಡಿದ ಹಾಗೆ ನೆನಪಿದೆ, ಏನು ಮಾತಾಡಿದೆ ಎನ್ನುವುದು ಇಲ್ಲ ಎನ್ನುತ್ತಿದ್ದರು. ಹೇಳು ಹೇಳು ಎಂದು ನನ್ನನ್ನು ಕೇಳುತ್ತಿದ್ದರು. ಸ್ವಲ್ಪ ಸ್ವಲ್ಪವಾಗಿ ಹೇಳಿದೆ. ಬಾವಿಯ ಮಾತಿಗೆ ಮನಸಾರೆ ನಕ್ಕರು. ಮಳೆಯ ದಿನದ್ದನ್ನು ಮಾತ್ರ ಹೇಳಿರಲಿಲ್ಲ. ಅದು ಅಕ್ಕ ಹೇಳಬೇಕಾದದ್ದು ಎಂದುಕೊಂಡಿದ್ದೆ.

ಅವರು ನಿವೃತ್ತರಾದ ಮೇಲೆ ಹೊಸ ಮುಖ್ಯಸ್ಥರು ಕೂಟವನ್ನು ಮತ್ತೆ ಮಹಡಿಯ ಕೋಣೆಯಲ್ಲಿ ಶುರುಮಾಡಿದರು. ಮೊದಲ ಮಾತು ಮೇಡಂ ಆಡಬೇಕೆಂದು ಕೇಳಿದಾಗ, ತನ್ನ ಬದಲು ಇವಳು ಆಡಲಿ ಎಂದು ನನ್ನನ್ನು ತೋರಿಸಿದರು. ಏನು ಮಾತಾಡಲಿ ಎಂದು ಕೇಳಿದೆ. ನನ್ನ ಕತೆಯನ್ನೇ ಹೇಳು, ಹೆಸರು ಬೇಡ ಎಂದರು. ನಾನು ಅಕ್ಕನನ್ನೂ ಕೇಳಿದೆ. ಎಲ್ಲ ಹೇಳು, ಗೇಟಿನದೂ ಹೇಳು ಎಂದರು. ನನ್ನಿಂದಾಗಿದ್ದರೆ ನಾನೇ ಹೇಳಿರುತ್ತಿದ್ದೆ ಎಂದೂ ಸೇರಿಸಿದರು.

ಅಂದು ಕೋಣೆ ತುಂಬಿತ್ತು. ಮೇಡಂ ಊರುಗೋಲು ಹಿಡಿದು ಮೊದಲ ಸಾಲಿನಲ್ಲಿ, ಪಕ್ಕದಲ್ಲಿ ಅಕ್ಕ. ಇಂಗ್ಲಿಷಿನಲ್ಲಿ ನಾನು ಅಷ್ಟು ಜನರ ಮುಂದೆ ನಿಂತದ್ದು ಅದೇ ಮೊದಲು. ಒಬ್ಬ ಹುಡುಗಿಯ ಕತೆ ಎಂದು ಹೇಳುತ್ತ ಹೋದೆ. ಪಲ್ಲಿ, ಹಲ್ಲಿ, ಅಲ್ಲಿ ಎಂದಾಗ ತಮಿಳಿನವರೂ ಕನ್ನಡದವರೂ ತಮ್ಮ ತಮ್ಮ ತುಟಿ ಮುಟ್ಟಿ ನೋಡಿಕೊಂಡರು. ಗೇಟಿನ ಮಾತನ್ನು ಮೊದಲು ಕನ್ನಡದಲ್ಲೇ, ಆ ಹುಡುಗಿ ಆಡಿದ ಹಾಗೆ ಹೇಳಿ, ಕೂಟದ ರೂಢಿಯಂತೆ ಸುಮ್ಮನೆ ನಿಂತೆ. ಫ್ಯಾನು ತಿರುಗುತ್ತಿತ್ತು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ.

ಪ್ರಶ್ನೆಗಳಿವೆಯೇ ಎಂದು ಮುಖ್ಯಸ್ಥರು ಕೇಳಿದಾಗ ಮೇಡಂ ಕೈ ಎತ್ತಿದರು. ಒಂದೊಂದೇ ಪದವನ್ನು ಜೋಡಿಸಿ, ಅಪರಿಚಿತರ ಕತೆ ಕೇಳಿದವರಂತೆ, ಆ ಹುಡುಗಿಗೆ ಉತ್ತರ ಸಿಕ್ಕಿತೇ ಎಂದು ಕೇಳಿದರು.

ನಾನು ಅಕ್ಕನ ಮುಖ ನೋಡಿದೆ. ಅಕ್ಕ ಕೂತಲ್ಲಿಂದಲೇ, ತಂಗಿಯ ಕಡೆ ತಿರುಗದೆ, ನನ್ನನ್ನೇ ನೋಡುತ್ತ ಕನ್ನಡದಲ್ಲಿ ಹೇಳಿದರು:

‘ಸಿಕ್ತು. ತಡ ಆತು. ಅವ್ಳ ಮಾತು ಅಕ್ಕಂಗೆ ಬತ್ತಿರ್ಲಿಲ್ಲ, ಅದ್ಕೆ.’

ಮೇಡಂ ನನ್ನ ಕಡೆ ಮುಂದಕ್ಕೆ ಬಾಗಿ, ಏನಂದಳು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಹೇಳಿದೆ. ಆಮೇಲೆ ಒಳ್ಳೆಯ ಉತ್ತರ ಕೊಟ್ಟ ವಿದ್ಯಾರ್ಥಿಗೆ ತಲೆದೂಗುತ್ತಿದ್ದ ಹಾಗೆ ಅಕ್ಕನಿಗೆ ತಲೆದೂಗಿದರು. ಅಕ್ಕ ಅವರ ಬಲಗೈಯನ್ನು, ಇನ್ನೂ ಪೂರ್ತಿ ಬಿಚ್ಚಿಕೊಳ್ಳದ ಆ ಕೈಯನ್ನು, ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡರು. ಮುಂದಿನ ಪ್ರಶ್ನೆ ಬೇರೆ ಯಾರದೋ, ಅದು ನನಗೆ ನೆನಪಿಲ್ಲ.

ಅಲ್ಲಿಂದಾಚೆಗೆ ಮೇಡಂ ಇನ್ನೂ ಕೆಲವು ವರ್ಷ ಇದ್ದರು. ಓದುತ್ತಿದ್ದರು, ಎಡಗೈಯಲ್ಲಿ ಬರೆಯಲು ಕಲಿತರು. ನನಗೆ ಕೃಷ್ಣರಾಜಪುರದ ಕಡೆಯ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ಸ್ಟೇಷನ್ನಿನ ಹತ್ತಿರ ತೂಗುಸೇತುವೆ ಎದ್ದಿತು, ಹಳೇ ಮದ್ರಾಸ್ ರಸ್ತೆಯಲ್ಲಿ ಬಸ್ಸು ಆಮೆಯ ಹಾಗೆ ಹರಿಯುವ ಕಾಲ ಬಂತು. ಗೆಳತಿ ಮದುವೆಯಾಗಿ ಹೈದರಾಬಾದಿಗೆ ಹೋದಳು. ಹಿರಿಯೂರಿನ ಹತ್ತಿರದ ಆ ಊರಿಗೆ ಮೇಡಂ, ಅಕ್ಕ, ನಾನು ಮೂವರೂ ಒಮ್ಮೆ ಹೋಗಿಬರೋಣ ಎಂದು ಮಾತಾಡಿಕೊಳ್ಳುತ್ತಲೇ ಇದ್ದೆವು, ಹೋಗಲಿಲ್ಲ. ಮೇಡಂ ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದವರು ಹಾಗೆಯೇ ಹೋದರು.

ಅಕ್ಕನ ಕನ್ನಡ ಮಾತ್ರ ಉಳಿಯಿತು. ತಂಗಿಯಿಂದ ಕಲಿತದ್ದಾದ್ದರಿಂದ ಅದರಲ್ಲಿ ಹಕಾರವಿರಲಿಲ್ಲ. ನಾನು ಹೋದರೆ ‘ಕಾಪಿ ಕುಡೀತೀಯಾ, ಆಲು ಐತೆ’ ಎನ್ನುತ್ತಿದ್ದರು. ಗಾಡಿಯಲ್ಲಿ ತರಕಾರಿ ತರುವವನು ಒಂದು ದಿನ ಅವರ ಮಾತು ಕೇಳಿ, ಅಮ್ಮ, ನಿಮ್ದು ಹಿರಿಯೂರು ಕಡೆಯಾ ಎಂದು ಕೇಳಿದನಂತೆ. ಊಂ ಎಂದೆ ಎಂದು ನನಗೆ ಬಹಳ ಹೆಮ್ಮೆಯಿಂದ ಹೇಳಿದರು.

ಆಮೇಲೆ ಓದಲು ಆಸೆಪಟ್ಟರು. ಅಕ್ಷರಗಳು ಅಷ್ಟಾಗಿ ಹತ್ತಲಿಲ್ಲ, ಕಣ್ಣೂ ಸೋತಿತ್ತು. ಹೀಗಾಗಿ ಶನಿವಾರ ಮಧ್ಯಾಹ್ನ ನಾನು ಹೋಗಿ ಕತೆ ಓದಿ ಹೇಳುತ್ತಿದ್ದೆ. ತಿಳಿಯದ ಪದ ಬಂದರೂ ತಡೆಯುತ್ತಿರಲಿಲ್ಲ, ಸುಮ್ಮನೆ ಕೇಳುತ್ತಿದ್ದರು. ಒಮ್ಮೆ ಕತೆಯ ನಡುವೆ ಅವರ ತಲೆ ಕುರ್ಚಿಗೆ ಒರಗಿ, ಕಣ್ಣು ಮುಚ್ಚಿದವು. ನಿದ್ದೆ ಬಂತೆಂದು ಪುಸ್ತಕ ಮುಚ್ಚಿದೆ.

‘ನಿಲ್ಲಿಸ್ಬ್ಯಾಡ’ ಅಂದರು ಕಣ್ಣು ತೆರೆಯದೆ.

ನಾನು ಪುಟ ಹುಡುಕಿಕೊಂಡು ಮುಂದಕ್ಕೆ ಓದಿದೆ.